112 ಕ್ಷಿಪಣಿ ಹೊತ್ತ ಚೀನಾ ಯುದ್ಧನೌಕೆ: ಕಾರವಾರಕ್ಕೆ ಎಷ್ಟು ಹತ್ತಿರ, ಎಷ್ಟು ದೂರ?

ಕಾರವಾರದ ಟಾಗೋರ್ ಕಡಲತೀರದಲ್ಲಿ ಮ್ಯೂಸಿಯಂ ಆಗಿ ನಿಂತಿರುವ ‘ಚಪಲ್’ ಹಡಗನ್ನು ಜಿಲ್ಲೆಯಲ್ಲಿ ನೋಡದವರು ಕಡಿಮೆ. ಅದರ ಉದ್ದ ಹೆಚ್ಚುಕಡಿಮೆ 39 ಮೀಟರ್. ಸೇವೆಯಲ್ಲಿದ್ದಾಗ ಅದು ಹೊತ್ತಿದ್ದ ದೊಡ್ಡ ಕ್ಷಿಪಣಿಗಳು ನಾಲ್ಕೇ ನಾಲ್ಕು. ಅಂಥ ನಾಲ್ಕೂವರೆ ‘ಚಪಲ್’ಗಳನ್ನು ಒಂದರ ಹಿಂದೊಂದು ನಿಲ್ಲಿಸಿದರೆ ಎಷ್ಟು ಉದ್ದ ಆಗುತ್ತದೋ, ಚೀನಾದ ‘ಟೈಪ್ 055’ ಡೆಸ್ಟ್ರಾಯರ್ ಹತ್ತಿರಹತ್ತಿರ ಅಷ್ಟು ಉದ್ದ. ಅಂದ್ರೆ 180 ಮೀಟರ್. ಅದರಲ್ಲಿ ಕ್ಷಿಪಣಿ ಇಡುವ ಗೂಡುಗಳು 112.

ಈ ಹಡಗಿನ ವಿಡಿಯೊಗಳು ಮೊಬೈಲಿನಿಂದ ಮೊಬೈಲಿಗೆ ಓಡಾಡುತ್ತಲೇ ಇರುತ್ತವೆ. ಅಬ್ಬರದ ಮ್ಯೂಸಿಕ್ಕು, ಮೇಲೆ ದಪ್ಪ ಅಕ್ಷರದಲ್ಲಿ ಭಾರತಕ್ಕೆ ಗಂಡಾಂತರ ಅನ್ನುವ ಸಾಲು. ಅದನ್ನು ನೋಡಿ ಹೆದರುವವರು ಒಂದು ಕಡೆ. ಚೀನಾ ಮಾಲು ತಾನೆ, ಗ್ಯಾರಂಟಿ ಇಲ್ಲ ಬಿಡಿ ಅಂತ ನಗುವವರು ಇನ್ನೊಂದು ಕಡೆ. ಇಬ್ಬರೂ ಹಡಗನ್ನು ಸರಿಯಾಗಿ ನೋಡಿಲ್ಲ ಅನ್ನಬೇಕು. ಹಡಗು ನಿಜಕ್ಕೂ ದೊಡ್ಡದು, ಒಳ್ಳೆಯದು ಕೂಡ. ಆದರೆ ಅದು ನಾಳೆ ಬೆಳಿಗ್ಗೆ ಅರಬ್ಬಿ ಸಮುದ್ರಕ್ಕೆ ಬಂದು ನಿಲ್ಲುವಂಥದ್ದಲ್ಲ. ಅದನ್ನು ಕಟ್ಟಿದ ಹಡಗು ಉದ್ಯಮದ ಬೇರೆ ಮಾಲು ಮಾತ್ರ ಆಗಲೇ ಅರಬ್ಬಿ ಸಮುದ್ರಕ್ಕೆ ಬಂದಾಗಿದೆ.

ಸೀಬರ್ಡ್ ನೌಕಾನೆಲೆ ಇರುವ, ವಿಮಾನವಾಹಕ ನೌಕೆ ‘ವಿಕ್ರಮಾದಿತ್ಯ’ಕ್ಕೆ ಮನೆ ಬಂದರಾಗಿರುವ ಊರಿನವರಿಗೆ ಈ ವ್ಯತ್ಯಾಸ ಗೊತ್ತಿರಬೇಕು.

ಹೆಸರು ಡೆಸ್ಟ್ರಾಯರ್, ಗಾತ್ರ ಕ್ರೂಸರ್

ಯುದ್ಧನೌಕೆಗಳಲ್ಲಿ ಚಿಕ್ಕದರಿಂದ ದೊಡ್ಡದಕ್ಕೆ ಒಂದು ಸಾಲು ಇದೆ. ಕಾರ್ವೆಟ್, ಫ್ರಿಗೇಟ್, ಡೆಸ್ಟ್ರಾಯರ್, ಅದರ ಮೇಲೆ ಕ್ರೂಸರ್. ಚೀನಾ ತನ್ನ 055 ಅನ್ನು ಡೆಸ್ಟ್ರಾಯರ್ ಅಂತಲೇ ಕರೆಯುತ್ತದೆ. ಅಮೆರಿಕದ ರಕ್ಷಣಾ ಇಲಾಖೆ ಮಾತ್ರ ತನ್ನ ವರದಿಗಳಲ್ಲಿ ಇದನ್ನು ಕ್ರೂಸರ್ ಪಟ್ಟಿಗೆ ಸೇರಿಸಿದೆ. ತುಂಬಿದ ಭಾರ 12 ಸಾವಿರ ಟನ್‌ನ ಆಸುಪಾಸು. ನಮ್ಮ ನೌಕಾಪಡೆಯ ಹೊಸ ಡೆಸ್ಟ್ರಾಯರ್ ‘ವಿಶಾಖಪಟ್ಟಣಂ’ 163 ಮೀಟರ್ ಉದ್ದ, 7,400 ಟನ್. ಉದ್ದದಲ್ಲಿ ವ್ಯತ್ಯಾಸ 17 ಮೀಟರ್ ಅಷ್ಟೇ. ಆದರೆ ಭಾರದಲ್ಲಿ ಒಂದೂವರೆ ಪಟ್ಟಿಗೂ ಹೆಚ್ಚು. ಆ ಹೆಚ್ಚಿನ ಭಾರದಲ್ಲೇ ಇಂಧನ, ಕ್ಷಿಪಣಿ, ವಿದ್ಯುತ್, ಸಿಬ್ಬಂದಿಗೆ ಜಾಗ ಎಲ್ಲ ಸೇರಿರೋದು.

ಮೊದಲ ಹಡಗು ‘ನಾನ್‌ಚಾಂಗ್’. 2017ರ ಜೂನ್ 28ರಂದು ಶಾಂಘೈನ ಜಿಯಾಂಗ್‌ನಾನ್ ಶಿಪ್‌ಯಾರ್ಡ್‌ನಲ್ಲಿ ನೀರಿಗಿಳಿಯಿತು, 2020ರ ಜನವರಿ 12ರಂದು ಸೇವೆಗೆ ಸೇರಿತು. ಆಮೇಲೆ ಲಾಸಾ, ಅನ್‌ಶಾನ್, ವೂಶಿ, ದಾಲಿಯನ್, ಯಾನ್‌ಆನ್, ಝುನ್ಯಿ, ಶಿಯಾನ್‌ಯಾಂಗ್ ಬಂದವು. ಮೊದಲ ಕಂತಿನಲ್ಲಿ ಒಟ್ಟು ಎಂಟು.

ಹೆಸರುಗಳಲ್ಲೂ ಲೆಕ್ಕಾಚಾರ ಇದೆ. ನಾನ್‌ಚಾಂಗ್ ಅಂದರೆ 1927ರಲ್ಲಿ ಕಮ್ಯುನಿಸ್ಟರು ಮೊದಲು ಬಂಡೆದ್ದ ಊರು, ಚೀನಾ ಸೇನೆ ತನ್ನ ಹುಟ್ಟುಹಬ್ಬ ಆಚರಿಸುವುದು ಆ ದಿನವೇ. ಝುನ್ಯಿ, ಯಾನ್‌ಆನ್ ಎರಡೂ ಮಾವೋ ಕಾಲದ ಹೋರಾಟದ ಊರುಗಳು. ಎರಡನೇ ಹಡಗಿಗೆ ಇಟ್ಟಿದ್ದು ಟಿಬೆಟ್‌ನ ರಾಜಧಾನಿಯ ಹೆಸರು. ಸಮುದ್ರವೇ ಇಲ್ಲದ ಊರಿನ ಹೆಸರನ್ನು ಯುದ್ಧನೌಕೆಗೆ ಇಡುವುದು ಹೊಸದೇನಲ್ಲ, ಆದರೆ ಲಾಸಾದ ವಿಷಯದಲ್ಲಿ ಅದು ಬರೀ ಹೆಸರಲ್ಲ, ಅದು ನಮ್ಮದು ಅನ್ನುವ ಹಕ್ಕುಪತ್ರ. ಲಾಸಾ ಹತ್ತಿರದ ಡ್ರೆಪುಂಗ್, ಗಾಂದೆನ್ ಮಠಗಳನ್ನು ಬಿಟ್ಟು ಬಂದವರು ಮತ್ತೆ ಅದೇ ಹೆಸರಿನ ಮಠ ಕಟ್ಟಿಕೊಂಡಿರುವುದು ನಮ್ಮ ಮುಂಡಗೋಡಿನಲ್ಲಿ ಎಂಬುದನ್ನು ನೆನೆದರೆ, ಆ ಹೆಸರು ಇಲ್ಲಿ ಬೇರೆ ರೀತಿ ಕೇಳಿಸುತ್ತದೆ.

ಗೂಡಿನ ಲೆಕ್ಕ: ಅಂಗಡಿಯ ರ‍್ಯಾಕ್ ಇದ್ದ ಹಾಗೆ

112 ಅನ್ನೋದು ಎಲ್ಲ ವಿಡಿಯೊಗಳಲ್ಲೂ ಬರುವ ಸಂಖ್ಯೆ. ಅದು ಏನು ಅಂತ ಬಿಡಿಸಿ ಹೇಳುವವರು ಕಡಿಮೆ.

ಹಳೆಯ ಹಡಗುಗಳಲ್ಲಿ ಕ್ಷಿಪಣಿಯ ಪೆಟ್ಟಿಗೆಗಳು ಡೆಕ್ಕಿನ ಮೇಲೆ ಎದ್ದು ಕಾಣುತ್ತಿದ್ದವು. ‘ಚಪಲ್’ನ ಎರಡೂ ಬದಿಗೆ ಈಗಲೂ ಅದನ್ನು ನೋಡಬಹುದು. ಹೊಸ ಹಡಗುಗಳಲ್ಲಿ ಕ್ಷಿಪಣಿಗಳು ಡೆಕ್ಕಿನ ಕೆಳಗೆ ನೆಟ್ಟಗೆ ನಿಂತಿರುತ್ತವೆ. ಮೇಲೆ ಕಾಣೋದು ಚೌಕಾಕಾರದ ಮುಚ್ಚಳಗಳ ಸಾಲು ಮಾತ್ರ. ಬಟನ್ ಒತ್ತಿದರೆ ಮುಚ್ಚಳ ತೆರೆದುಕೊಂಡು ಕ್ಷಿಪಣಿ ನೇರ ಮೇಲಕ್ಕೆ ಚಿಮ್ಮಿ, ಆಮೇಲೆ ಗುರಿಯ ಕಡೆ ತಿರುಗುತ್ತದೆ. 055ರಲ್ಲಿ ಇಂಥ ಗೂಡುಗಳು ಮುಂಭಾಗದಲ್ಲಿ 64, ಹಿಂಭಾಗದಲ್ಲಿ 48.

ಅಂಗಡಿಯವರಿಗೆ ಇದು ಬೇಗ ಅರ್ಥವಾಗುತ್ತದೆ. 112 ಅನ್ನೋದು ರ‍್ಯಾಕಿನ ಖಾನೆಗಳ ಸಂಖ್ಯೆ. ಯಾವ ಖಾನೆಯಲ್ಲಿ ಯಾವ ಮಾಲು ಅನ್ನೋದು ಸೀಸನ್ ನೋಡಿ ಮಾಲೀಕ ತೀರ್ಮಾನ ಮಾಡುತ್ತಾನೆ. ವಿಮಾನ ಮತ್ತು ಬರುವ ಕ್ಷಿಪಣಿ ಹೊಡೆಯಲು ಎಚ್‌ಎಚ್‌ಕ್ಯೂ-9, ಹಡಗು ಹೊಡೆಯಲು ವೈಜೆ-18, ನೆಲದ ಮೇಲಿನ ಗುರಿಗೆ ದೂರಗಾಮಿ ಕ್ರೂಸ್ ಕ್ಷಿಪಣಿ, ಸಬ್‌ಮರೀನ್ ಹುಡುಕಿ ಹೊಡೆಯಲು ಟಾರ್ಪೆಡೊ ಹೊತ್ತು ಹಾರುವ ರಾಕೆಟ್. ಎಲ್ಲವೂ ಒಂದೇ ಥರದ ಗೂಡಿನಲ್ಲಿ ಕೂರುತ್ತವೆ ಎಂಬುದೇ ಇದರ ಮುಖ್ಯ ಅನುಕೂಲ. ವಿಮಾನವಾಹಕ ನೌಕೆಯ ಬೆಂಗಾವಲಿಗೆ ಹೊರಟರೆ ಬಹುಪಾಲು ಗೂಡುಗಳಲ್ಲಿ ವಿಮಾನ ಹೊಡೆಯುವ ಕ್ಷಿಪಣಿಗಳೇ ತುಂಬಿಕೊಳ್ಳಬೇಕಾಗುತ್ತದೆ. ಆಗ ಹಡಗು ಹೊಡೆಯುವ ಮಾಲು ಕಡಿಮೆ. ಹಾಗಾಗಿ 112 ಕ್ಷಿಪಣಿ ಒಟ್ಟಿಗೇ ಶತ್ರು ಹಡಗಿನ ಮೇಲೆ ಸುರಿಯುತ್ತದೆ ಎಂಬ ವಿಡಿಯೊದ ಮಾತು ನಂಬುವಂಥದ್ದಲ್ಲ.

ಸಂಖ್ಯೆಯಲ್ಲೂ ಇದು ಜಗತ್ತಿನಲ್ಲಿ ಮೊದಲೇನಲ್ಲ. ದಕ್ಷಿಣ ಕೊರಿಯಾದ ‘ಸೆಜಾಂಗ್ ದಿ ಗ್ರೇಟ್’ ಡೆಸ್ಟ್ರಾಯರ್‌ನಲ್ಲಿ 128 ಗೂಡುಗಳಿವೆ. ಅಮೆರಿಕದ ಹಳೆಯ ಟೈಕಾಂಡರೋಗ ಕ್ರೂಸರ್‌ಗಳಲ್ಲಿ 122. ಆದರೆ ಚೀನಾದ ಗೂಡು ಅಗಲ ಹೆಚ್ಚು. ವ್ಯಾಸ 85 ಸೆಂಟಿಮೀಟರ್. ದಪ್ಪ ಕ್ಷಿಪಣಿ ಹಿಡಿಯುತ್ತದೆ. ಈ ಅಗಲ ಯಾಕೆ ಬೇಕಿತ್ತು ಅನ್ನೋದು 2022ರ ಏಪ್ರಿಲ್‌ನಲ್ಲಿ ಗೊತ್ತಾಯಿತು. 055ರಿಂದ ವೈಜೆ-21 ಎಂಬ, ಶಬ್ದಕ್ಕಿಂತ ಹಲವು ಪಟ್ಟು ವೇಗದ ಕ್ಷಿಪಣಿ ಹಾರುವ ವಿಡಿಯೊ ಹೊರಬಂತು. ವಿಮಾನವಾಹಕ ನೌಕೆಗಳನ್ನು ದೂರದಲ್ಲೇ ತಡೆಯುವುದು ಇಂಥ ಕ್ಷಿಪಣಿಯ ಕೆಲಸ. ಅಮೆರಿಕದ ನೌಕಾಪಡೆಗೆ ಹೆಚ್ಚು ಚಿಂತೆ ಹಚ್ಚಿದ್ದು 112 ಅಲ್ಲ, ಈ ಒಂದು ವಿಡಿಯೊ.

ಭಾರತದ ವಿಶಾಖಪಟ್ಟಣಂ ವರ್ಗದ ಹಡಗಿನಲ್ಲಿ 16 ಬ್ರಹ್ಮೋಸ್, 32 ಬರಾಕ್-8. ಒಟ್ಟು 48. ಅರ್ಧಕ್ಕಿಂತ ಕಡಿಮೆ. ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಆದರೆ ಒಂದು ಮಾತು. ಬ್ರಹ್ಮೋಸ್ ಹಾರುವಷ್ಟೂ ಹೊತ್ತು ಶಬ್ದದ ಸುಮಾರು ಮೂರು ಪಟ್ಟು ವೇಗದಲ್ಲಿ ಬರುತ್ತದೆ. ಚೀನಾದ ವೈಜೆ-18 ದಾರಿಯ ಬಹುಭಾಗ ನಿಧಾನ ಬಂದು, ಕೊನೆಯಲ್ಲಿ ಮಾತ್ರ ಜಿಗಿಯುತ್ತದೆ. ಖಾನೆ ಕಡಿಮೆ ಇದ್ದರೂ ಒಂದು ಮಾಲಿನ ಗುಣಮಟ್ಟದಲ್ಲಿ ನಮ್ಮದು ಹಿಂದಿಲ್ಲ.

ಖಾನೆ ಖಾಲಿಯಾದ ಮೇಲೆ? ಇದೇ ಈ ಹಡಗಿನ, ಅಷ್ಟೇಕೆ ಜಗತ್ತಿನ ಎಲ್ಲ ಇಂಥ ಹಡಗುಗಳ ತಲೆನೋವು. ನಡುಸಮುದ್ರದಲ್ಲಿ ಡೀಸೆಲ್ ತುಂಬಿಸಬಹುದು, ಅಕ್ಕಿ ತರಕಾರಿ ಸಾಗಿಸಬಹುದು. ಆದರೆ ಹಲವು ಮೀಟರ್ ಉದ್ದದ ಕ್ಷಿಪಣಿಯನ್ನು ತೂಗಾಡುವ ಹಡಗಿನ ಗೂಡಿಗೆ ನೆಟ್ಟಗೆ ಇಳಿಸುವುದು ಬಹಳ ಕಷ್ಟ. ಅದಕ್ಕೆ ಬಂದರು ಬೇಕು, ಕ್ರೇನ್ ಬೇಕು, ಕ್ಷಿಪಣಿಯ ದಾಸ್ತಾನು ಬೇಕು. ಹೋಲ್‌ಸೇಲ್ ಗೋದಾಮು ಸಾವಿರಾರು ಕಿಲೋಮೀಟರ್ ದೂರ ಇದ್ದರೆ ಎಷ್ಟು ದೊಡ್ಡ ಅಂಗಡಿಯೂ ಮಾಲು ಮುಗಿದ ದಿನ ಬಾಗಿಲು ಹಾಕಲೇಬೇಕು.

ತಿರುಗದ ರಾಡಾರ್

ದೀಪಸ್ತಂಭದ ಬೆಳಕು ಸುತ್ತಿ ಬರುವುದನ್ನು ಕರಾವಳಿಯವರು ನೋಡಿಯೇ ಇರುತ್ತಾರೆ. ಬೆಳಕು ಒಂದು ಕಡೆ ಹಾದುಹೋದ ಮೇಲೆ ಮತ್ತೆ ಅಲ್ಲಿಗೆ ಬರುವವರೆಗೆ ಆ ಜಾಗ ಕತ್ತಲೆ. ಹಳೆಯ ರಾಡಾರ್ ಕೂಡ ಹಾಗೆ, ಸುತ್ತುತ್ತಾ ನೋಡುತ್ತದೆ. 055ರ ಮುಖ್ಯ ರಾಡಾರ್ ಸುತ್ತುವುದಿಲ್ಲ. ಹಡಗಿನ ಮಧ್ಯದ ಕಟ್ಟಡದ ನಾಲ್ಕೂ ಮುಖಗಳಿಗೆ ದೊಡ್ಡ ಫಲಕ ಅಂಟಿಸಿದ್ದಾರೆ. ಒಂದೊಂದರಲ್ಲಿ ಸಾವಿರಾರು ಸಣ್ಣ ಪ್ರಸಾರಕಗಳು. ನಾಲ್ಕು ದಿಕ್ಕನ್ನೂ ಒಂದೇ ಸಮನೆ ನೋಡುತ್ತದೆ, ಕಣ್ಣು ಮಿಟುಕಿಸುವುದಿಲ್ಲ. ಅದರ ಮೇಲಿನ ಕಂಬದಲ್ಲಿ ಇನ್ನೊಂದು ಬಗೆಯ ಚಿಕ್ಕ ಫಲಕಗಳು, ನೀರಿಗೆ ತಾಗುವಷ್ಟು ಕೆಳಗೆ ಹಾರಿ ಬರುವ ಕ್ಷಿಪಣಿಯನ್ನು ಗುರುತಿಸಲು.

ಈ ಕೆಳಗೆ ಹಾರುವ ಕ್ಷಿಪಣಿಯೇ ದೊಡ್ಡ ಸಮಸ್ಯೆ. ಭೂಮಿ ಗುಂಡಗಿದೆ. ದಡದಲ್ಲಿ ನಿಂತು ನೋಡಿದರೆ ದೂರ ಹೋದ ಬೋಟಿನ ತಳ ಮೊದಲು ಮರೆಯಾಗಿ ಆಮೇಲೆ ಕಂಬ ಮರೆಯಾಗುವುದು ಅದಕ್ಕೇ. ರಾಡಾರ್ ಎಷ್ಟೇ ಶಕ್ತಿಶಾಲಿ ಇರಲಿ, ಈ ಬಾಗಿನ ಆಚೆ ನೀರಿನ ಮಟ್ಟದಲ್ಲಿ ಬರುವುದು ಕಾಣಿಸದು. ಕಾಣಿಸುವ ಹೊತ್ತಿಗೆ ಅದು ಮೂವತ್ತು ಚಿಲ್ಲರೆ ಕಿಲೋಮೀಟರ್ ದೂರಕ್ಕೆ ಬಂದಿರುತ್ತದೆ. ಸಾಮಾನ್ಯ ಕ್ಷಿಪಣಿಯಾದರೆ ತಡೆಯಲು ಎರಡು ನಿಮಿಷದೊಳಗಿನ ಸಮಯ, ಬ್ರಹ್ಮೋಸ್ ಥರದ್ದಾದರೆ ಅರ್ಧ ನಿಮಿಷದ ಆಸುಪಾಸು. ಅಷ್ಟರಲ್ಲಿ ಕಂಡು, ಖಚಿತ ಮಾಡಿಕೊಂಡು, ಎದುರು ಕ್ಷಿಪಣಿ ಬಿಡಬೇಕು. ಅದು ತಪ್ಪಿದರೆ 24 ಚಿಕ್ಕ ಕ್ಷಿಪಣಿಗಳ ಎಚ್‌ಕ್ಯೂ-10 ಪೆಟ್ಟಿಗೆ, ಅದೂ ತಪ್ಪಿದರೆ 11 ನಳಿಕೆಗಳ 30 ಮಿಲಿಮೀಟರ್ ಗನ್ನು. ಕಂಬವನ್ನು ಎತ್ತರ ಮಾಡಿದಷ್ಟೂ ಕೆಲವು ಸೆಕೆಂಡು ಹೆಚ್ಚು ಸಿಗುತ್ತದೆ. ಎತ್ತರದ ಕಂಬ ಹೊರಲು ದೊಡ್ಡ ಹಡಗು ಬೇಕು. ಗಾತ್ರ ಬೆಳೆದಿದ್ದಕ್ಕೆ ಇದೂ ಒಂದು ಕಾರಣ.

ಹೊರಗಿನ ಮೈಯನ್ನು ಇಳಿಜಾರಾಗಿ, ನುಣುಪಾಗಿ ಮಾಡಿದ್ದಾರೆ. ಲಂಗರು, ಹಗ್ಗ ಕಟ್ಟುವ ಜಾಗ ಕೂಡ ಮುಚ್ಚಿದ ಭಾಗದೊಳಗೆ. ಶತ್ರುವಿನ ರಾಡಾರ್ ಅಲೆ ವಾಪಸ್ ಹೋಗದೆ ಬೇರೆ ಕಡೆ ಚದುರಲಿ ಅಂತ. 12 ಸಾವಿರ ಟನ್ ಹಡಗು ಮಾಯವಾಗುವುದಿಲ್ಲ ಬಿಡಿ, ಆದರೆ ಪರದೆಯ ಮೇಲೆ ಚಿಕ್ಕದಾಗಿ ಕಾಣಿಸುತ್ತದೆ.

ಉಕ್ರೇನಿನ ಒಂದು ಊರು, ಇಬ್ಬರು ಗಿರಾಕಿಗಳು

ಈ ಹಡಗಿನ ಎಂಜಿನ್ ಕಥೆ ಕ್ಷಿಪಣಿ ಕಥೆಗಿಂತ ಹೆಚ್ಚು ಕಲಿಸುತ್ತದೆ. ವಿಡಿಯೊಗಳಲ್ಲಿ ಅದು ಬರುವುದೇ ಇಲ್ಲ.

055ಕ್ಕೆ ನಾಲ್ಕು ಕ್ಯೂಸಿ-280 ಗ್ಯಾಸ್ ಟರ್ಬೈನ್‌ಗಳು, ಒಂದೊಂದು ಸುಮಾರು 28 ಮೆಗಾವಾಟ್. ವೇಗ 30 ನಾಟ್, ಅಂದ್ರೆ ಗಂಟೆಗೆ 55 ಕಿಲೋಮೀಟರ್. ಈ ಟರ್ಬೈನಿನ ಮೂಲ ಉಕ್ರೇನಿನ ಮೈಕೊಲೈವ್ ಊರಿನ ‘ಝೋರ್ಯಾ-ಮಾಶ್‌ಪ್ರೋಯೆಕ್ಟ್’ ಕಾರ್ಖಾನೆ. ಸೋವಿಯತ್ ಒಕ್ಕೂಟ ಒಡೆದು ಉಕ್ರೇನ್ ಬಡತನದಲ್ಲಿದ್ದಾಗ ಚೀನಾ ಅಲ್ಲಿಂದ ಟರ್ಬೈನ್ ಕೊಂಡಿತು, ಜತೆಗೆ ಅದನ್ನು ತಯಾರಿಸುವ ವಿದ್ಯೆಯನ್ನೂ ಕೊಂಡಿತು. ಮೊದಮೊದಲ ಹಡಗುಗಳಿಗೆ ಅಲ್ಲಿಂದಲೇ ತಂದ ಎಂಜಿನ್, ಆಮೇಲೆ ಮನೆಯಲ್ಲೇ ಮಾಡಿದ್ದು. ಬೇಗ ಆಗಲಿಲ್ಲ, ವರ್ಷಗಳೇ ಹಿಡಿದವು. ಆದರೆ ಕೈ ಬಿಡಲಿಲ್ಲ.

ಅದೇ ಕಾರ್ಖಾನೆಗೆ ಭಾರತವೂ ಗಿರಾಕಿ. ವಿಶಾಖಪಟ್ಟಣಂ ವರ್ಗದ ನಾಲ್ಕೂ ಡೆಸ್ಟ್ರಾಯರ್‌ಗಳನ್ನು ಓಡಿಸುತ್ತಿರುವುದು ಝೋರ್ಯಾ ಟರ್ಬೈನ್‌ಗಳು. 2022ರಲ್ಲಿ ರಷ್ಯಾ ದಾಳಿ ಮಾಡಿದಾಗ ಮೈಕೊಲೈವ್ ಯುದ್ಧದ ಅಂಚಿಗೆ ಬಂತು. ಬಿಡಿಭಾಗ ಎಲ್ಲಿಂದ ತರೋದು ಅನ್ನೋ ಪ್ರಶ್ನೆ ದೆಹಲಿಗೆ ಎದುರಾಯಿತು. ಬೀಜಿಂಗ್‌ಗೆ ಆ ಚಿಂತೆ ಇರಲಿಲ್ಲ. ಇಬ್ಬರೂ ಒಂದೇ ಅಂಗಡಿಯಲ್ಲಿ ಕೊಂಡವರು. ಒಬ್ಬ ಸಾಮಾನಿನ ಜತೆ ಪಾಕವನ್ನೂ ಕೇಳಿ ಬರೆದುಕೊಂಡು ಬಂದ, ಇನ್ನೊಬ್ಬ ಸಾಮಾನು ಮಾತ್ರ ತಂದ. ಭಾರತ ತನ್ನದೇ ಕಾವೇರಿ ಎಂಜಿನ್‌ನಿಂದ ಹಡಗಿನ ಟರ್ಬೈನ್ ಮಾಡಲು ಪ್ರಯತ್ನ ಪಟ್ಟಿದ್ದುಂಟು. ಅದನ್ನು ಅಭಿವೃದ್ಧಿ ಮಾಡಿದ ಪ್ರಯೋಗಾಲಯ ಇರುವುದು ನಮ್ಮ ಬೆಂಗಳೂರಿನಲ್ಲೇ. ಆದರೆ ಆ ಟರ್ಬೈನ್ ಯಾವ ಡೆಸ್ಟ್ರಾಯರ್‌ಗೂ ಏರಲಿಲ್ಲ.

ಭಯ ಪಡಬೇಕಾದರೆ ಶಿಪ್‌ಯಾರ್ಡ್ ನೋಡಿ

1996ರಲ್ಲಿ ತೈವಾನ್ ವಿಷಯಕ್ಕೆ ಜಗಳವಾದಾಗ ಅಮೆರಿಕ ಎರಡು ವಿಮಾನವಾಹಕ ನೌಕಾ ತಂಡಗಳನ್ನು ಆ ಕಡೆ ಕಳಿಸಿತು. ಚೀನಾ ಸುಮ್ಮನಾಗಬೇಕಾಯಿತು. ಆಗ ಅವರ ಹತ್ತಿರ ಎದುರು ನಿಲ್ಲಿಸುವಂಥ ಹಡಗೇ ಇರಲಿಲ್ಲ. ರಷ್ಯಾದಿಂದ ನಾಲ್ಕು ಸೋವ್ರೆಮೆನ್ನಿ ಡೆಸ್ಟ್ರಾಯರ್ ಕೊಂಡರು. ಅದನ್ನು ನೋಡಿ ತಮ್ಮದನ್ನು ಕಟ್ಟತೊಡಗಿದರು. ಎರಡು ಮಾಡಿ ಪರೀಕ್ಷಿಸುವುದು, ತಪ್ಪು ತಿದ್ದಿ ಮತ್ತೆರಡು ಮಾಡುವುದು. 2004ರಲ್ಲಿ 052ಸಿ, 2014ರಲ್ಲಿ 052ಡಿ. ಅದು ಸರಿ ಬಂತು ಅಂತ ಖಾತ್ರಿಯಾದ ಮೇಲೆ ಸಾಲಾಗಿ ಅಚ್ಚು ಹಾಕಿದರು. ಅದರ ಮುಂದಿನ ಮೆಟ್ಟಿಲು 055.

2018ರ ಜುಲೈ 3ರಂದು ದಾಲಿಯನ್ ಶಿಪ್‌ಯಾರ್ಡ್‌ನಲ್ಲಿ ಎರಡು 055ಗಳು ಒಂದೇ ದಿನ ನೀರಿಗಿಳಿದವು. ಒಂದೇ ಡ್ರೈಡಾಕ್, ಒಂದೇ ದಿನ, ಎರಡು ಕ್ರೂಸರ್ ಗಾತ್ರದ ಹಡಗು. 2017ರಿಂದ 2020ರ ಒಳಗೆ ಎಂಟೂ ಹಡಗುಗಳು ನೀರು ಮುಟ್ಟಿದ್ದವು. ನಮ್ಮ ಮುಂಬೈನ ಮಝಗಾಂವ್ ಡಾಕ್ ಕಟ್ಟಿದ ವಿಶಾಖಪಟ್ಟಣಂ 2015ರ ಏಪ್ರಿಲ್‌ನಲ್ಲಿ ನೀರಿಗಿಳಿದು ಸೇವೆಗೆ ಸೇರಿದ್ದು 2021ರ ನವೆಂಬರ್‌ನಲ್ಲಿ. ಆರೂವರೆ ವರ್ಷ. ನಾನ್‌ಚಾಂಗ್‌ಗೆ ಹಿಡಿದದ್ದು ಎರಡೂವರೆ ವರ್ಷ. ಅದೇ ಸಾಲಿನ ನಾಲ್ಕನೆಯ ನಮ್ಮ ಹಡಗು ‘ಸೂರತ್’ 2025ರ ಜನವರಿ 15ರಂದು ಸೇರಿತು. ನಮ್ಮವರ ಕೆಲಸಗಾರಿಕೆಯಲ್ಲಿ ಕೊರತೆ ಇಲ್ಲ, ಹಡಗುಗಳು ಗಟ್ಟಿಯಾಗಿವೆ. ತಡವಾಗೋದು ಆರ್ಡರ್‌ನಲ್ಲಿ, ಹಣ ಬಿಡುಗಡೆಯಲ್ಲಿ, ಹೊರಗಿಂದ ಬರಬೇಕಾದ ಸಾಮಾನಿನಲ್ಲಿ.

ಚೀನಾದ ವೇಗದ ಗುಟ್ಟು ಯುದ್ಧನೌಕೆಯಲ್ಲಿಲ್ಲ, ಸರಕು ಹಡಗಿನಲ್ಲಿದೆ. ಜಗತ್ತಿನಲ್ಲಿ ಈಗ ಕಟ್ಟುವ ವ್ಯಾಪಾರಿ ಹಡಗುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಚೀನಾದವು. ಜಿಯಾಂಗ್‌ನಾನ್ ಯಾರ್ಡ್ ಶುರುವಾದದ್ದು 1865ರಲ್ಲಿ, ರಾಜರ ಕಾಲದ ಶಸ್ತ್ರಾಗಾರವಾಗಿ. ಇವತ್ತು ಅದೇ ಯಾರ್ಡಿನಲ್ಲಿ ಕಂಟೇನರ್ ಹಡಗು, ಗ್ಯಾಸ್ ಸಾಗಿಸುವ ಹಡಗು, ಪಕ್ಕದಲ್ಲೇ ಡೆಸ್ಟ್ರಾಯರ್. ಒಂದೇ ಕ್ರೇನು, ಒಂದೇ ಉಕ್ಕಿನ ಪೂರೈಕೆದಾರ, ಅದೇ ವೆಲ್ಡರ್‌ಗಳು. ಯುದ್ಧನೌಕೆಯ ಆರ್ಡರ್ ಇಲ್ಲದ ತಿಂಗಳಲ್ಲೂ ಕೆಲಸಗಾರನ ಕೈ ಖಾಲಿ ಇರುವುದಿಲ್ಲ. 2023ರಲ್ಲಿ ಹೊರಬಿದ್ದ ಅಮೆರಿಕ ನೌಕಾಪಡೆಯ ಗುಪ್ತಚರ ವಿಭಾಗದ ಒಂದು ಸ್ಲೈಡ್ ಪ್ರಕಾರ ಚೀನಾದ ಹಡಗು ಕಟ್ಟುವ ಸಾಮರ್ಥ್ಯ ಅಮೆರಿಕದ್ದಕ್ಕಿಂತ 232 ಪಟ್ಟು. ಅಂಕಿ ಸ್ವಲ್ಪ ಆಚೀಚೆ ಇರಬಹುದು ಅಂದುಕೊಂಡರೂ ದಿಕ್ಕು ಸ್ಪಷ್ಟ.

ಮನೆಬಳಕೆಯ ಚೀನಾ ಮಾಲನ್ನು ನೋಡಿ ಚೀನಾದ ಹಡಗನ್ನು ಅಳೆಯುವವರು ಇಲ್ಲೇ ಎಡವುತ್ತಾರೆ. ಹತ್ತು ರೂಪಾಯಿ ಆಟಿಕೆಗೆ ಹತ್ತು ರೂಪಾಯಿಯ ಗುಣಮಟ್ಟ. ಜಗತ್ತಿನ ದೊಡ್ಡ ಹಡಗು ಕಂಪನಿಗಳು ದುಡ್ಡು ಕೊಟ್ಟು ಕಟ್ಟಿಸಿಕೊಳ್ಳುವ ಯಾರ್ಡಿನ ಗುಣಮಟ್ಟ ಬೇರೆ.

ಹಂಗಂತ ಮುಳುಗೋದೇ ಇಲ್ವಾ?

ಮುಳುಗುತ್ತದೆ. ಇತಿಹಾಸ ಅದನ್ನೇ ಹೇಳುತ್ತದೆ.

2022ರ ಏಪ್ರಿಲ್ 14ರಂದು ರಷ್ಯಾದ ಕ್ರೂಸರ್ ‘ಮಾಸ್ಕ್ವಾ’ ಕಪ್ಪು ಸಮುದ್ರದಲ್ಲಿ ಮುಳುಗಿತು. ಅದರ ಉದ್ದ 186 ಮೀಟರ್, 055ರಷ್ಟೇ ದೊಡ್ಡದು. ತಮ್ಮ ದಡದಿಂದ ಹಾರಿಸಿದ ಎರಡು ನೆಪ್ಚೂನ್ ಕ್ಷಿಪಣಿ ಹೊಡೆದು ಮುಳುಗಿಸಿದೆವು ಅಂತ ಉಕ್ರೇನ್ ಹೇಳಿತು, ಅಮೆರಿಕ ಹೌದೆಂದಿತು. ರಷ್ಯಾ ಮಾತ್ರ ಹಡಗಿನೊಳಗೆ ಬೆಂಕಿ ಬಿದ್ದಿದ್ದು ಅಂತ ಹೇಳಿತು. ಆ ಹಡಗನ್ನು ಕಟ್ಟಿದ್ದೂ ಮೈಕೊಲೈವ್‌ನಲ್ಲೇ. ಮಾಸ್ಕ್ವಾ ಹಳೆಯದು, ಅದರ ರಾಡಾರ್ ಹಳೆಯ ಕಾಲದ್ದು, 055ಕ್ಕೆ ಹೋಲಿಸಲಾಗದು ಅನ್ನುವುದು ನಿಜ. ಆದರೂ ಹೊಡೆದದ್ದು ನೌಕಾಪಡೆಯೇ ಇಲ್ಲದಂತಾಗಿದ್ದ ದೇಶ ಎಂಬುದು ಮರೆಯುವಂಥದ್ದಲ್ಲ.

ಇನ್ನೂ ಹತ್ತಿರದ ಉದಾಹರಣೆ 1971ರದ್ದು. ಡಿಸೆಂಬರ್ 4ರ ರಾತ್ರಿ ಕರಾಚಿ ಎದುರು ಪಾಕಿಸ್ತಾನದ ಡೆಸ್ಟ್ರಾಯರ್ ‘ಖೈಬರ್’ ಅನ್ನು ಮುಳುಗಿಸಿದ್ದು ಭಾರತದ ಪುಟ್ಟ ಕ್ಷಿಪಣಿ ದೋಣಿಗಳು. ಟಾಗೋರ್ ತೀರದ ‘ಚಪಲ್’ ಆಮೇಲೆ ಬಂದದ್ದು, ಆದರೆ ಅದೇ ಕುಲದ್ದು, ಅದೇ ಮಾದರಿಯ ಕ್ಷಿಪಣಿಯದ್ದು. ದೂರ ಓಡುವಷ್ಟು ಇಂಧನ ಆ ದೋಣಿಗಳಲ್ಲಿ ಇರಲಿಲ್ಲ, ದೊಡ್ಡ ಹಡಗುಗಳಿಂದ ಎಳೆಸಿಕೊಂಡು ಹೋಗಿ ಹೊಡೆದು ಬಂದವು.

ಇನ್ನೊಂದು ಸಂಗತಿ, ಹಡಗು ಓಡಿಸುವ ಜನರದ್ದು. ಚೀನಾ ನೌಕಾಪಡೆ ಕೊನೆಯ ಸಲ ಸಮುದ್ರದಲ್ಲಿ ನಿಜವಾಗಿ ಗುಂಡು ಹಾರಿಸಿ ಹೋರಾಡಿದ್ದು 1988ರ ಮಾರ್ಚ್‌ನಲ್ಲಿ, ವಿಯೆಟ್ನಾಂ ವಿರುದ್ಧ ಒಂದು ಹವಳದ ದಿಬ್ಬಕ್ಕಾಗಿ. ಇವತ್ತು 055ರಲ್ಲಿ ದುಡಿಯುವ ಬಹುಪಾಲು ನಾವಿಕರು ಆಗ ಹುಟ್ಟಿರಲೂ ಇಲ್ಲ. 2025ರ ಆಗಸ್ಟ್ 11ರಂದು ಫಿಲಿಪ್ಪೀನ್ಸ್‌ನ ಕೋಸ್ಟ್‌ಗಾರ್ಡ್ ಹಡಗನ್ನು ಬೆನ್ನಟ್ಟುವ ಭರದಲ್ಲಿ ಚೀನಾದ 052ಡಿ ಡೆಸ್ಟ್ರಾಯರ್ ಒಂದು ತಮ್ಮದೇ ಕೋಸ್ಟ್‌ಗಾರ್ಡ್ ಹಡಗಿಗೆ ಡಿಕ್ಕಿ ಹೊಡೆಯಿತು. ಆ ವಿಡಿಯೊವನ್ನು ಇಡೀ ಜಗತ್ತು ನೋಡಿತು. ಹಡಗು ಕಟ್ಟಲು ಕೆಲವು ವರ್ಷ ಸಾಕು. ನುರಿತ ಕ್ಯಾಪ್ಟನ್ ತಯಾರಾಗಲು ಇಪ್ಪತ್ತು ವರ್ಷ ಬೇಕು. ಇದರಲ್ಲಿ ಶಾರ್ಟ್‌ಕಟ್ ಇಲ್ಲ. ಅವರು ಕಲಿಯುತ್ತಲೂ ಇದ್ದಾರೆ ಅನ್ನುವುದನ್ನೂ ಹೇಳಬೇಕು.

49 ವಿಮಾನ ದಾರಿ ಬದಲಿಸಿದ ದಿನ

ಹಡಗು ಯುದ್ಧ ಮಾಡದೆಯೂ ಏನು ಮಾಡಬಲ್ಲದು ಅನ್ನುವುದನ್ನು ಆಸ್ಟ್ರೇಲಿಯಾ 2025ರಲ್ಲಿ ಕಂಡಿತು. ಫೆಬ್ರುವರಿಯಲ್ಲಿ 055 ವರ್ಗದ ‘ಝುನ್ಯಿ’, ಒಂದು ಫ್ರಿಗೇಟ್ ಮತ್ತು ‘ವೇಶಾನ್‌ಹು’ ಎಂಬ ಇಂಧನ ಪೂರೈಕೆ ಹಡಗು ಆ ಕಡೆ ಬಂದವು. 21ರಂದು ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್ ನಡುವಿನ ಟಾಸ್ಮನ್ ಸಮುದ್ರದಲ್ಲಿ ಗುಂಡು ಹಾರಿಸುವ ಅಭ್ಯಾಸ ಇದೆ ಅಂತ ರೇಡಿಯೊದಲ್ಲಿ ಸಾರಿದವು. ಅದನ್ನು ಕೇಳಿಸಿಕೊಂಡು ವಿಮಾನ ಸಂಚಾರ ನಿಯಂತ್ರಣಕ್ಕೆ ಮೊದಲು ತಿಳಿಸಿದವನು ಆಕಾಶದಲ್ಲಿದ್ದ ಒಬ್ಬ ಪ್ರಯಾಣಿಕ ವಿಮಾನದ ಪೈಲಟ್! 49 ವಿಮಾನಗಳು ದಾರಿ ಬದಲಿಸಿದವು.

ಅದು ಅಂತರರಾಷ್ಟ್ರೀಯ ಜಲಪ್ರದೇಶ. ಚೀನಾ ಕಾನೂನು ಮುರಿಯಲಿಲ್ಲ ಎಂಬುದನ್ನು ಆಸ್ಟ್ರೇಲಿಯಾವೇ ಒಪ್ಪಿತು. ಆದರೆ ಸರಿಯಾಗಿ ಮುಂಚಿತ ಸೂಚನೆ ಕೊಡದೆ ನೆರೆಮನೆಯ ಅಂಗಳದ ಆಚೆ ಪಟಾಕಿ ಹೊಡೆದ ಹಾಗಾಯಿತು. ಆಮೇಲೆ ಆ ಮೂರೂ ಹಡಗುಗಳು ದಕ್ಷಿಣದ ಕಡೆಯಿಂದ ಸುತ್ತಿ, ಪರ್ತ್ ಊರಿನ ಆಚೆ ಹಿಂದೂ ಮಹಾಸಾಗರದ ಅಂಚಿನಲ್ಲೂ ಹಾದುಹೋದವು. ಇಡೀ ಪ್ರವಾಸದಲ್ಲಿ ಹೆಚ್ಚು ಗಮನಿಸಬೇಕಾದದ್ದು ಝುನ್ಯಿ ಅಲ್ಲ, ವೇಶಾನ್‌ಹು. ಇಂಧನದ ಹಡಗು ಜತೆಗಿರದಿದ್ದರೆ 055 ಅಷ್ಟು ದೂರ ಅಷ್ಟು ದಿನ ಸುತ್ತುತ್ತಿರಲಿಲ್ಲ.

ಅರಬ್ಬಿ ಸಮುದ್ರದ ಲೆಕ್ಕ

055 ಈ ಕಡೆ ಬರಬೇಕಾದರೆ ಹೈನಾನ್ ದ್ವೀಪದಿಂದ ಹೊರಟು ಮಲಕ್ಕಾ, ಸುಂದಾ, ಲೊಂಬೋಕ್ ಥರದ ಇಕ್ಕಟ್ಟಿನ ಜಲಸಂಧಿ ದಾಟಬೇಕು. ಮಲಕ್ಕಾದ ಬಾಯಲ್ಲೇ ನಮ್ಮ ಅಂಡಮಾನ್ ನಿಕೋಬಾರ್ ಇದೆ. ತಮಿಳುನಾಡಿನ ಅರಕ್ಕೋಣಂನಿಂದ ಹಾರುವ ಪಿ-8ಐ ವಿಮಾನಗಳ ಕಣ್ಣು ತಪ್ಪಿಸಿ ಇಷ್ಟು ದೊಡ್ಡ ಹಡಗು ಬರುವುದು ಸುಲಭವಲ್ಲ. ಬಂದ ಮೇಲೆ ಚೀನಾಕ್ಕೆ ಈ ಸಾಗರದಲ್ಲಿ ತನ್ನದು ಅಂತ ಇರುವ ನೆಲೆ 2017ರಲ್ಲಿ ತೆರೆದ ಆಫ್ರಿಕಾದ ಜಿಬೂಟಿ ಒಂದೇ. ಶಾಂತಿಕಾಲದಲ್ಲಿ ಬಂದು ಬಾವುಟ ತೋರಿಸಿ ಹೋಗಬಹುದು. ಯುದ್ಧಕಾಲದಲ್ಲಿ, ತೈವಾನ್ ಕಡೆ ಅಮೆರಿಕ, ಜಪಾನ್ ಕಾದು ನಿಂತಿರುವಾಗ, ತನ್ನ ಇಂಥ ಒಳ್ಳೆಯ ಹಡಗುಗಳಲ್ಲಿ ಎಷ್ಟನ್ನು ಇಷ್ಟು ದೂರ ಕಳಿಸೀತು? ಹೆಚ್ಚೇನಿಲ್ಲ.

ಈ ಸಾಗರಕ್ಕೆ ಪದೇಪದೇ ಬರುವುದು ಚೀನಾದ ‘ಸಂಶೋಧನಾ’ ಹಡಗುಗಳು. 2022ರ ಆಗಸ್ಟ್‌ನಲ್ಲಿ ಶ್ರೀಲಂಕಾದ ಹಂಬನ್‌ತೋಟಕ್ಕೆ ‘ಯುವಾನ್ ವಾಂಗ್-5’ ಬಂದಾಗ ದೆಹಲಿ ಆಕ್ಷೇಪ ಎತ್ತಿದ್ದು ನೆನಪಿರಬಹುದು. ಅವುಗಳಲ್ಲಿ 112 ಗೂಡುಗಳಿಲ್ಲ, ಅದಕ್ಕೇ ವಿಡಿಯೊ ಓಡುವುದಿಲ್ಲ. ಆದರೆ ಸಮುದ್ರದ ತಳ, ನೀರಿನ ಉಪ್ಪು, ಶಾಖ ಅಳೆದು ಹೋಗುವ ಹಡಗಿನ ಮಾಹಿತಿ ನಾಳೆ ಸಬ್‌ಮರೀನಿಗೆ ದಾರಿ ತೋರಿಸುತ್ತದೆ.

ಕಾರವಾರದ ಮಟ್ಟಿಗೆ ಅದಕ್ಕಿಂತಲೂ ಹತ್ತಿರದ ವಿಷಯ ಕರಾಚಿ. ಪಾಕಿಸ್ತಾನ ಚೀನಾದಿಂದ ನಾಲ್ಕು 054ಎ/ಪಿ ಫ್ರಿಗೇಟ್ ಕೊಂಡಿದೆ. ಕಟ್ಟಿದ್ದು ಜಿಯಾಂಗ್‌ನಾನ್ ಇರುವ ಅದೇ ಶಾಂಘೈನ ಇನ್ನೊಂದು ಯಾರ್ಡ್, ಹುಡಾಂಗ್-ಝೊಂಗ್‌ಹುವಾ. ಮೊದಲನೆಯದು ‘ತುಘ್ರಿಲ್’ 2021ರ ನವೆಂಬರ್‌ನಲ್ಲಿ ಸೇರಿತು, ಕೊನೆಯ ಎರಡು 2023ರ ಮೇನಲ್ಲಿ. ಒಂದೂವರೆ ವರ್ಷದಲ್ಲಿ ನಾಲ್ಕು ಹೊಸ ಹಡಗು, ಒಂದೊಂದರಲ್ಲಿ 32 ಗೂಡು. ಜತೆಗೆ ಹ್ಯಾಂಗೊರ್ ಹೆಸರಿನ ಎಂಟು ಸಬ್‌ಮರೀನ್‌ಗಳ ಒಪ್ಪಂದ. ನಾಲ್ಕು ಚೀನಾದಲ್ಲಿ, ನಾಲ್ಕು ಕರಾಚಿಯಲ್ಲೇ ಕಟ್ಟುವ ಲೆಕ್ಕ. ಮೊದಲನೆಯದು 2024ರ ಏಪ್ರಿಲ್‌ನಲ್ಲಿ ವುಹಾನ್‌ನಲ್ಲಿ ನೀರಿಗಿಳಿಯಿತು. 055 ಇಲ್ಲಿಗೆ ಬರಲಿ ಬಿಡಲಿ, ಅದರ ಹಿಂದಿರುವ ಹಡಗು ಉದ್ಯಮದ ಮಾಲು ಅರಬ್ಬಿ ಸಮುದ್ರದಲ್ಲಿ ತೇಲುತ್ತಿರುವುದು ಹೀಗೆ.

ಸೀಬರ್ಡ್ ಎರಡನೇ ಹಂತವನ್ನು 32 ದೊಡ್ಡ ಯುದ್ಧನೌಕೆ ಮತ್ತು ಸಬ್‌ಮರೀನ್‌ಗಳಿಗೆ ಜಾಗ ಆಗುವಂತೆ ಕಟ್ಟುತ್ತಿರುವುದನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. 2025ರ ಏಪ್ರಿಲ್‌ನಲ್ಲಿ ರಕ್ಷಣಾ ಸಚಿವ ರಾಜನಾಥ್ ಸಿಂಗ್ ಇಲ್ಲಿಗೆ ಬಂದು 2 ಸಾವಿರ ಕೋಟಿ ರೂಪಾಯಿಗೂ ಹೆಚ್ಚಿನ ಕಾಮಗಾರಿ ಉದ್ಘಾಟಿಸಿ ಹೋದರು. ಈ ನೆಲೆಗಾಗಿ ಮನೆ, ಗದ್ದೆ, ದೋಣಿ ಎಳೆಯುವ ತೀರ ಬಿಟ್ಟುಕೊಟ್ಟ ಕುಟುಂಬಗಳು ಪರಿಹಾರಕ್ಕೆ ದಶಕಗಳ ಕಾಲ ಕೋರ್ಟು ಕಚೇರಿ ಅಲೆದವು. ದಕ್ಕೆ ತಯಾರಾಗುತ್ತಿದೆ. ಅಲ್ಲಿ ಕಟ್ಟಬೇಕಾದ ಹಡಗುಗಳು ಮುಂಬೈ, ಕೋಲ್ಕತ್ತ, ಕೊಚ್ಚಿಯ ಯಾರ್ಡುಗಳಿಂದ ಬರಬೇಕು. 055ರ ಗಾತ್ರದ ಮುಂದಿನ ಪೀಳಿಗೆಯ ಡೆಸ್ಟ್ರಾಯರ್ ಬಗ್ಗೆ ನೌಕಾಪಡೆಯಲ್ಲಿ ಮಾತು ನಡೆದಿದೆ. ಅದರ ಎಂಜಿನ್ ಯಾವ ದೇಶದ್ದು ಅನ್ನುವುದು ಆಗ ಮೊದಲು ಕೇಳಬೇಕಾದ ಪ್ರಶ್ನೆ, ಕ್ಷಿಪಣಿ ಎಷ್ಟು ಅನ್ನುವುದು ಆಮೇಲೆ.